ನಮ್ಮ ಬೀಗಿತ್ತಿ ಒಡೆಯದ ಶೇಡು

ನಮ್ಮ ಬೀಗಿತ್ತಿ ಸುಳ್ಳು ಹೇಳುವ ಮೊದಲು ಸೆರಗಿನ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ನೆಗಡಿ ಇರಲಿ ಇಲ್ಲದಿರಲಿ, ಎಡಗೈಯಲ್ಲಿ ಸೆರಗು ಹಿಡಿದು ಒಂದು ಸಲ ಒರೆಸಿ, ಆಮೇಲೆ ಮುಖ ನೆಟ್ಟಗೆ ಮಾಡಿಕೊಂಡು ಹೇಳುವುದು. ಇದು ಅವರು ಹೆತ್ತ ಮಕ್ಕಳಿಗೂ ಗೊತ್ತಿರಲಿಲ್ಲ. ನನಗೆ ಗೊತ್ತಾಗಿದ್ದು ಶಿವಾಜಿನಗರದ ಗುಜರಿ ಅಂಗಡಿಗಳ ಮುಂದೆ ಅವರ ಪಕ್ಕದಲ್ಲಿ ನಿಂತು ನಿಂತು. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ. ಸತ್ತವರನ್ನು ಹೊಗಳಿ ಬರೆಯುವುದು ನನಗೆ ಬರುವುದಿಲ್ಲ. ನಾಲ್ಕನೇ ಕ್ಲಾಸಿಗೆ ಇಸ್ಕೂಲು ಬಿಟ್ಟವಳು, ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅದೇ ಹೆಚ್ಚು.

ಬೀಗಿತ್ತಿ ಅಂದರೆ ನನ್ನ ಮಗಳ ಅತ್ತೆ. ಅವರ ಮನೆ ಹಲಸೂರಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ, ನಮ್ಮದು ಕೆ.ಆರ್. ಪುರ. ಅವರು ಎತ್ತರದ ಹೆಂಗಸು. ಮೂಗು ದೊಡ್ಡದು, ಮೂಗುತಿ ಅದಕ್ಕಿಂತ ದೊಡ್ಡದು. ಹೆಣ್ಣು ನೋಡಲು ಬಂದ ದಿನವೇ ಈಯಮ್ಮ ಬೇರೆ ಥರ ಅನ್ನಿಸಿತ್ತು. ಗಂಡಿನ ಕಡೆಯವರು ಅಂದರೆ ತಟ್ಟೆಯಲ್ಲಿ ಅರ್ಧ ಬಿಡುತ್ತಾರೆ, ಕಾಫಿಗೆ ಬೇಡ ಬೇಡ ಅನ್ನುತ್ತಾರೆ, ಗೋಡೆಯ ಸುಣ್ಣ ನೋಡುತ್ತಾರೆ. ಇವರು ಉಪ್ಪಿಟ್ಟು ಪೂರ್ತಿ ತಿಂದು ತಟ್ಟೆಯನ್ನು ಮುಂದೆ ಚಾಚಿದರು.

"ಇನ್ನೊಂಚೂರು ಹಾಕ್ರೀ. ಚೆನ್ನಾಗೈತೆ. ಯಾರು ಮಾಡಿದ್ದು?"

"ಹುಡುಗೀನೇ ಮಾಡಿದ್ದು," ಅಂದೆ. ಹೆಣ್ಣು ಹೆತ್ತವರೆಲ್ಲ ಹೇಳುವ ಮಾತು ಅದು.

"ಬಿಡ್ರೀ, ಹುಡುಗಿ ಕೈಯಲ್ಲಿ ಈ ಹದ ಬರಲ್ಲ. ರವೆ ಹುರಿದಿರೋದು ನೋಡಿದ್ರೇ ಗೊತ್ತಾಗುತ್ತೆ, ಇದು ಮೊಮ್ಮಕ್ಕಳು ಕಾಣೋ ವಯಸ್ಸಿನ ಕೈ. ಪರವಾಗಿಲ್ಲ, ನಿಮ್ಮ ಮಗಳಿಗೆ ಉಪ್ಪಿಟ್ಟು ಬರ್ದೇ ಇದ್ರೂ ನಾವು ಕರ್ಕೊಂಡು ಹೋಗ್ತೀವಿ."

ಎಲ್ಲರೂ ನಕ್ಕರು. ನನ್ನ ಯಜಮಾನರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಒಗ್ಗರಣೆ ಸೌಟು ತೊಳೆಯುವ ನೆಪದಲ್ಲಿ ಅಡಿಗೆಮನೆಗೆ ಹೋದವಳು ಅವರು ಹೊರಡುವವರೆಗೆ ಈಚೆ ಬರಲಿಲ್ಲ. ನನ್ನ ಸ್ವಭಾವವೇ ಹಾಗೆ. ಬೈದರೆ ತಡೆದುಕೊಳ್ಳುತ್ತೇನೆ, ನಾಚಿಕೆಯಾದರೆ ತಡೆಯುವುದಿಲ್ಲ.

ಆ ಮನೆಯ ನಡುಮನೆಯಲ್ಲಿ ಎರಡು ಗ್ಯಾಸ್‌ಲೈಟುಗಳಿದ್ದವು. ಹಿಂದೆ ಮದುವೆ ಮೆರವಣಿಗೆಯಲ್ಲಿ ಗ್ಯಾಸ್‌ಲೈಟು ತಲೆ ಮೇಲೆ ಹೊತ್ತು ನಡೆಯುತ್ತಿದ್ದರಲ್ಲ, ಅದೇ ಜಾತಿ. ಆದರೆ ಇವು ಮೇಜಿನ ಮೇಲಿಡುವಂಥವು. ಸೀಮೆಎಣ್ಣೆ ತುಂಬುವ ಹಿತ್ತಾಳೆಯ ದುಂಡು ಹೊಟ್ಟೆ, ಅದರ ಮೇಲೆ ಉದ್ದ ಕತ್ತು, ಕತ್ತಿನ ತುದಿಯಲ್ಲಿ ಮ್ಯಾಂಟಲ್, ಅಂದರೆ ಕಾದು ಬೆಳಗುವ ಬಲೆಯ ಚೀಲ, ಕಟ್ಟುವ ಜಾಗ. ಸುತ್ತ ಒಂದು ಹಿತ್ತಾಳೆ ಬಳೆ. ಆ ಬಳೆಯೊಳಗೆ ಗಾಜಿನ ಶೇಡು ಕೂರುತ್ತದೆ. ಹಾಲಿನ ಬಣ್ಣದ ಗಾಜು, ಮೇಲಕ್ಕೆ ಅರಳಿಕೊಂಡು, ಅಂಚಿನಲ್ಲಿ ಸೀರೆಯ ನೆರಿಗೆಯ ಹಾಗೆ ನೆರಿಗೆ. ಬೀಗಿತ್ತಿಯ ತಂದೆ ದಂಡಿನಲ್ಲಿ, ಅದೇ ಕಂಟೋನ್ಮೆಂಟಿನಲ್ಲಿ, ಯಾವುದೋ ಬಿಳೀ ದೊರೆಯ ಮನೆಯಲ್ಲಿ ಬಟ್ಲರ್ ಆಗಿದ್ದರಂತೆ. ದೊರೆ ಊರು ಬಿಡುವಾಗ ಎರಡನ್ನೂ ಇವರಿಗೆ ಬಿಟ್ಟು ಹೋದನಂತೆ. ಬಟ್ಲರ್ ಮಗಳು ಅಂತ ಯಾರಾದರೂ ಚುಚ್ಚಿದರೆ ಬೀಗಿತ್ತಿಗೆ ಚುಚ್ಚುತ್ತಿರಲಿಲ್ಲ. "ಹೌದು, ಅದಕ್ಕೇ ನಿಮ್ಮ ಮನೇಲಿ ಲೋಟ ತೊಳೆದಿಲ್ಲ ಅನ್ನೋದು ನನಗೆ ಬಾಗಿಲಿಂದಲೇ ಕಾಣುತ್ತೆ" ಅನ್ನುತ್ತಿದ್ದರು.

ಆ ದೀಪ ಹಚ್ಚುವಾಗ ಅವರ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ಮಣೆ ಹಾಕಿಕೊಂಡು ಕೂತು, ಸ್ಪಿರಿಟ್ಟು ಸುರಿದು, ಕತ್ತು ಕಾಯುವವರೆಗೆ ಅದನ್ನೇ ದುರುಗುಟ್ಟಿ ನೋಡಿ, ಆಮೇಲೆ ಹೆಬ್ಬೆರಳಲ್ಲಿ ಪಂಪು ಹೊಡೆಯುವುದು. ಸೊಯ್ ಅಂತ ಶಬ್ದ ಬಂದು ಮ್ಯಾಂಟಲ್ ಬೆಳ್ಳಗಾದ ಮೇಲೆ ಒಂದು ಉಸಿರು ಬಿಟ್ಟು "ಹೂಂ, ಈಗ ಮಾತಾಡಿ" ಅನ್ನುತ್ತಿದ್ದರು. ನನ್ನ ಮಗಳನ್ನು ಮನೆ ತುಂಬಿಸಿಕೊಂಡ ಸಂಜೆ ಎರಡನ್ನೂ ಹಚ್ಚಿ ಬಾಗಿಲ ಆಚೀಚೆ ಇಟ್ಟಿದ್ದರು. ಆ ಬೆಳಕಿನಲ್ಲಿ ಅವಳ ಮುಖದ ಮೊಡವೆ ಕೂಡ ಕಾಣಲಿಲ್ಲ.

ಮದುವೆಯಾಗಿ ಕೆಲವು ತಿಂಗಳಾಗಿತ್ತು. ಹಲಸೂರಿನಲ್ಲಿ ಟ್ರಾನ್ಸ್‌ಫಾರ್ಮರ್ ಕೆಟ್ಟು ಒಂದು ಸಂಜೆ ಕರೆಂಟು ಹೋಯಿತು. ಬೀಗಿತ್ತಿ ಎರಡು ದೀಪವನ್ನೂ ಹಚ್ಚಿದರು. ಕರೆಂಟು ಬಂದ ಸ್ವಲ್ಪ ಹೊತ್ತಿಗೆ ಮಗಳ ಫೋನು ಬಂತು. ಅಳುತ್ತಿದ್ದಳು.

"ಅಮ್ಮಾ, ಶೇಡು ಎರಡು ಹೋಳಾಗೋಯ್ತು."

"ಬೀಳಿಸಿದ್ಯಾ?"

"ಬೀಳಿಸ್ಲಿಲ್ಲ. ಅತ್ತೆ ದೀಪ ಶಾಂತ ಮಾಡಿ ದೇವರ ಮನೆಗೆ ಹೋದ್ರು. ನಾನು ಒರೆಸ್ದೆ ಅಷ್ಟೇ. ನೀನೇ ಹೇಳ್ಕೊಟ್ಟಿದ್ಯಲ್ಲ, ಬೆಚ್ಚಗಿರುವಾಗ್ಲೇ ಒದ್ದೆ ಬಟ್ಟೇಲಿ ಒರೆಸ್ಬೇಕು ಅಂತ."

ಹೌದು, ನಾನೇ ಹೇಳಿಕೊಟ್ಟಿದ್ದೆ. ನಾನು ಹೊಸಕೋಟೆ ಕಡೆ ಹಳ್ಳಿಯಲ್ಲಿ ಲಾಟೀನಿನ ಬೆಳಕಲ್ಲಿ ಬೆಳೆದವಳು. ಲಾಟೀನಿನ ಗಾಜು ಒರೆಸುವುದು ನನ್ನ ಕೆಲಸ. ತಣ್ಣಗಾದರೆ ಮಸಿ ಅಂಟಿಕೊಳ್ಳುತ್ತದೆ, ಬೆಚ್ಚಗಿರುವಾಗಲೇ ಒದ್ದೆ ಬಟ್ಟೆ ಆಡಿಸಬೇಕು ಅಂತ ನಮ್ಮಮ್ಮ ತಲೆಗೆ ಮೊಟಕಿ ಕಲಿಸಿದ್ದಳು. ನಾನು ಮಗಳಿಗೆ ಮೊಟಕದೆ ಕಲಿಸಿದೆ. ಲಾಟೀನಿನ ಗಾಜು ಅದನ್ನು ತಡೆದುಕೊಂಡಿತು. ಗ್ಯಾಸ್‌ಲೈಟಿನ ಶೇಡು ಬಾಣಲೆಯಷ್ಟು ಕಾದಿರುತ್ತದೆ ಅನ್ನುವುದು ಅವಳಿಗೆ ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ತಾಯಿ ಏನೂ ಕಲಿಸಿಲ್ಲ ಅಂತ ಬೀಗರು ಆಡಿಕೊಳ್ಳುವುದನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಕಲಿಸಿದ್ದರಿಂದಲೇ ಕೆಟ್ಟಿತು.

"ಹೋಗಿ ಹೇಳು. ಈಗ್ಲೇ ಹೋಗಿ ಕಾಲಿಗೆ ಬೀಳು," ಅಂದೆ.

ಊಟದ ಹೊತ್ತು ಕಳೆದ ಮೇಲೆ ಮತ್ತೆ ಫೋನು ಮಾಡಿದಳು. ಈ ಸಲ ಅಳು ಇರಲಿಲ್ಲ. "ಅತ್ತೆ ಎಲ್ಲರ ಮುಂದೆ ತಾವೇ ಒಡೆದೆ ಅಂದ್ಬಿಟ್ರಮ್ಮ. ಕೈ ಜಾರ್ತಂತೆ."

"ನೀನು ಬಾಯಿ ಬಿಡ್ಲಿಲ್ವಾ?"

"ಆಮೇಲೆ ಮಾತಾಡ್ತೀನಿ," ಅಂತ ಇಟ್ಟುಬಿಟ್ಟಳು. ಆಮೇಲೂ ಮಾತಾಡಲಿಲ್ಲ.

ನಮ್ಮ ಕಡೆ ಒಂದು ಪದ್ಧತಿ. ಹೊಸ ಸೊಸೆ ಗಂಡನ ಮನೆಯಲ್ಲಿ ದೊಡ್ಡ ಸಾಮಾನೇನಾದರೂ ಒಡೆದರೆ ತವರಿನವರು ಅದನ್ನು ತಂದು ತುಂಬಿಕೊಡಬೇಕು. ಕೊಡಿ ಅಂತ ಯಾರೂ ಕೇಳುವುದಿಲ್ಲ, ಕೊಡದಿದ್ದರೆ ಮಾತ್ರ ಊರೆಲ್ಲ ಆಡಿಕೊಳ್ಳುತ್ತಾರೆ. ಈಗ ಬೀಗಿತ್ತಿ ತಾವೇ ಒಡೆದೆ ಅಂದ ಮೇಲೆ ನಾನು ಯಾವ ಮುಖದಲ್ಲಿ ತಂದುಕೊಡಲಿ? ಕೊಟ್ಟರೆ ಮಗಳ ಗುಟ್ಟು ರಟ್ಟಾಗುತ್ತದೆ. ಕೊಡದೆ ಇದ್ದರೆ ಎಲ್ಲ ಗೊತ್ತಿದ್ದೂ ನುಂಗಿಕೊಂಡು ಕೂತವಳಾಗುತ್ತೇನೆ. ನುಂಗಿಕೊಂಡೇ ಕೂತೆ.

ಶೇಡು ಹೋದದ್ದು ಒಂದೇ ದೀಪದ್ದು. ಇನ್ನೊಂದನ್ನು ಹಚ್ಚಬಹುದಿತ್ತು. ಬೀಗಿತ್ತಿ ಹಚ್ಚಲಿಲ್ಲ. "ಮನೆಯೊಳಗೆ ದೀಪ ಅಂದ್ರೆ ಜೋಡಿ. ಒಂಟಿ ದೀಪ ಹೆಣದ ತಲೆ ಹತ್ರ ಹಚ್ಚೋದು" ಅಂದುಬಿಟ್ಟರು. ಆ ದಿನದಿಂದ ಎರಡೂ ಆರಿಕೊಂಡೇ ಇದ್ದವು. ನಾನು ಮಗಳನ್ನು ನೋಡಲು ಹೋದಾಗಲೆಲ್ಲ ನಡುಮನೆಯಲ್ಲಿ ಒಂದು ಶೇಡು ಹಾಕಿಕೊಂಡು, ಇನ್ನೊಂದು ಬೋಳಾಗಿ ಕೂತಿರುತ್ತಿದ್ದವು. ನಾನು ಯಾವಾಗಲೂ ಅವಕ್ಕೆ ಬೆನ್ನು ಹಾಕಿ ಕೂರುತ್ತಿದ್ದೆ.

ಒಂದು ದಿನ ಬೀಗಿತ್ತಿ, ಶಿವಾಜಿನಗರಕ್ಕೆ ಹೋಗಿ ಹಳೇ ಶೇಡು ಹುಡುಕಬೇಕು ಅಂದರು. ನನ್ನ ಬಾಯಿಂದ ತಟ್ಟನೆ ಬಂತು. "ಒಬ್ರೇ ಯಾಕೆ ಹೋಗ್ತೀರ, ನಾನೂ ಬರ್ತೀನಿ."

"ಬನ್ನಿ ಬೀಗರೇ. ನಿಮಗೂ ಮನೇಲಿ ಕೂತು ಕೂತು ತುಕ್ಕು ಹಿಡಿದಿದೆ."

ಹಾಗೆ ಶುರುವಾಯಿತು. ಭಾನುವಾರ ನಾನು ಹಲಸೂರಿಗೆ ಬರುವುದು, ಅಲ್ಲಿಂದ ಇಬ್ಬರೂ ಬಸ್ಸು ಹತ್ತಿ ಶಿವಾಜಿನಗರಕ್ಕೆ. ಬೀಗಿತ್ತಿಯ ಚೀಲದಲ್ಲಿ ಸಾರಿನ ಪುಡಿ ಡಬ್ಬದ ಮುಚ್ಚಳ ಇರುತ್ತಿತ್ತು. ದೀಪದ ಹಿತ್ತಾಳೆ ಬಳೆಯೂ ಆ ಮುಚ್ಚಳವೂ ಒಂದೇ ಅಳತೆ. ಇಡೀ ದೀಪ ಹೊತ್ತು ತಿರುಗುವುದು ಯಾರು ಅಂತ ಮನೆಯ ಡಬ್ಬಗಳನ್ನೆಲ್ಲ ಇಟ್ಟು ನೋಡಿ ಕಂಡುಹಿಡಿದಿದ್ದರು. ಅಂಗಡಿಯವರು ಶೇಡು ಕೊಟ್ಟರೆ ಮುಚ್ಚಳವನ್ನು ಅಂಗಾತ ಇಟ್ಟು ಅದರೊಳಗೆ ಶೇಡಿನ ಬುಡ ಕೂರಿಸಿ ಮೆಲ್ಲಗೆ ಅಲ್ಲಾಡಿಸುವುದು. ಟಿಕ್ ಟಿಕ್ ಅನ್ನಬೇಕು. ಕಚ್ಚಿಕೊಂಡು ಕೂತರೆ ಬೇಡ, ಕಾದಾಗ ಗಾಜಿಗೆ ಹಿಗ್ಗಲು ಜಾಗವಿಲ್ಲದೆ ಸೀಳುತ್ತದೆ. ಲೊಡ ಲೊಡ ಅಂದರೂ ಬೇಡ. ಮುಚ್ಚಳವಿಲ್ಲದೆ ಮನೆಯಲ್ಲಿ ಸಾರಿನ ಪುಡಿಯ ಘಮ ಹೋಯಿತು ಅಂತ ಅಳಿಯಂದಿರು ಗೊಣಗುತ್ತಿದ್ದರು.

ಅಲ್ಲಿ ಒಬ್ಬ ಭಾಯ್ ಇದ್ದ. ಹಳೇ ನಲ್ಲಿ, ಫ್ಯಾನು, ಫೋನುಗಳ ಗುಡ್ಡೆಯ ನಡುವೆ ಗಲ್ಲಕ್ಕೆ ಕೈಕೊಟ್ಟು ಕೂತಿರುತ್ತಿದ್ದ. ಮೊದಲ ದಿನವೇ ಮುಚ್ಚಳ ಮೂಸಿ ನೋಡಿದ.

"ಕ್ಯಾ ಅಮ್ಮಾ, ಇದ್ರಲ್ಲಿ ಸಾರು ವಾಸನೆ ಬರ್ತೈತೆ?"

"ಸಾರೂ ಬರುತ್ತೆ, ಶೇಡೂ ಬರುತ್ತೆ. ನೀನು ಶೇಡು ತೆಗಿ."

"ಯಾರು ಒಡೆದಿದ್ದು ಅಮ್ಮಾ ಅದ್ನ? ಅಂಥ ಮಾಲು ಇವಾಗೆಲ್ಲಿ ಸಿಕ್ತೈತೆ!"

ಬೀಗಿತ್ತಿ ಮೂಗು ಒರೆಸಿಕೊಂಡರು. "ನಾನೇ ಭಾಯ್. ವಯಸ್ಸಾಯ್ತಲ್ಲ, ಕೈ ನಡುಗುತ್ತೆ."

ಆ ಕೈ ನಡುಗಿದ್ದನ್ನು ನಾನು ಕಂಡಿಲ್ಲ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಕೈ. ನಾನು ಪಕ್ಕದಲ್ಲಿ ನಿಂತು ಒಂದು ಹಳೇ ಕೊಳಾಯಿಯ ತಿರುಪನ್ನು ತಿರುಗಿಸುತ್ತಾ ಇದ್ದೆ.

ಇನ್ನೊಂದು ಅಂಗಡಿಯಲ್ಲಿ ಬೆಕ್ಕು ಬಂತು. ಬೆಕ್ಕು ಮೇಜಿನ ಮೇಲೆ ಹಾರಿತಂತೆ, ಇವರು ಹಿಡಿಯಲು ಹೋದರಂತೆ. ಆ ಮನೆಯಲ್ಲಿ ಬೆಕ್ಕಿರಲಿಲ್ಲ. ಬೆಕ್ಕು ಕಂಡರೆ ಪೊರಕೆ ತೆಗೆದುಕೊಳ್ಳುವ ಹೆಂಗಸು ಅವರು. ಮುಂದಿನ ಸಲ ಪಿತ್ತ ಏರಿ ತಲೆ ತಿರುಗಿತು. ಭಾಯ್‌ಗೆ ಆ ಕತೆಗಳೆಲ್ಲ ಹೇಗೋ ತಲುಪುತ್ತಿದ್ದವು.

"ಅಮ್ಮಾ, ಪಕ್ಕದ ಅಂಗಡೀಲಿ ಬೆಕ್ಕು ಅಂದ್ರಂತೆ?"

"ಬೆಕ್ಕು ಹಾರಿದಾಗ್ಲೇ ತಲೆ ತಿರುಗಿದ್ದು. ನಿನಗೆ ಶೇಡು ಮಾರೋ ಕೆಲಸವೋ, ಪೊಲೀಸ್ ಕೆಲಸವೋ?"

ಅವನು ನಕ್ಕು ನನ್ನ ಕಡೆ ತಿರುಗಿದ. "ಈ ಅಮ್ಮ ಯಾರು, ನಿಮ್ಮ ತಂಗೀನಾ?"

"ನಮ್ಮ ಬೀಗರು. ಇವರ ಮಗಳು ನಮ್ಮನೆ ಸೊಸೆ."

"ಓಹೋ, ಸಮ್ದನ್! ನಮ್ಮಲ್ಲಿ ಸಮ್ದನ್‌ಗಳು ಹಿಂಗೆ ಜೊತೇಲಿ ಬಜಾರಿಗೆ ಬರಲ್ಲ ಅಮ್ಮಾ. ಮುಖ ನೋಡಿದ್ರೆ ಜಗಳ."

"ನಮ್ಮಲ್ಲೂ ಅಷ್ಟೇ," ಅಂದರು ಬೀಗಿತ್ತಿ. "ಜಗಳಕ್ಕೆ ಒಳ್ಳೆ ಜಾಗ ಹುಡುಕ್ತಾ ಇದೀವಿ."

ಎಲ್ಲರೂ ನಗುತ್ತಿದ್ದರು. ನಗುವಿನ ಮಧ್ಯೆ ನನಗೆ ಮೈಯೆಲ್ಲ ಮುಳ್ಳು. ಯಾರೂ ಇವರನ್ನು ಕೇಳದಿದ್ದರೂ ಇವರೇ ಹೇಳುತ್ತಿದ್ದರು: ನಾನೇ ಒಡೆದೆ, ನಾನು ದಡ್ಡಿ, ನಾನು ಮುದುಕಿ. ಅಂಗಡಿ ಅಂಗಡಿಗೆ ಹೋಗಿ ತಮ್ಮನ್ನು ತಾವು ಬೈದುಕೊಳ್ಳುತ್ತಿದ್ದರು. ನನಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಿಲ್ಲ ಅಂತ ನಾನು ತಿಳಿದಿದ್ದೆ.

ಶೇಡು ಮಾತ್ರ ಸಿಗಲಿಲ್ಲ. ಬಲ್ಬಿಗೆ ಹಾಕುವ ತೆಳು ಗಾಜು ಸಿಗುತ್ತಿತ್ತು, ಈ ಬಿಸಿಗೆ ನಿಲ್ಲುವುದಿಲ್ಲ. ಅಳತೆ ಸರಿಯಿದ್ದರೆ ಬಣ್ಣ ಹಸಿರು. ಬಣ್ಣ ಸರಿಯಿದ್ದರೆ ಅಂಚು ಒಡೆದಿರುತ್ತಿತ್ತು. ಮಗಳು ಮೊಬೈಲಿನಲ್ಲಿ ಒತ್ತಿ ಒಂದು ಬಟ್ಟೆಯ ಶೇಡು ತರಿಸಿದಳು. ಬೀಗಿತ್ತಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ನೋಡಿದರು. "ಚೆನ್ನಾಗೈತಮ್ಮ. ದೀಪಾವಳಿಗೆ ಹಾಕೋಣ. ಪಟಾಕಿ ಖರ್ಚು ಉಳಿಯುತ್ತೆ" ಅಂದು ವಾಪಸ್ ಕಳಿಸಿದರು. ಮಗಳನ್ನು ಹೀಗೆ ಛೇಡಿಸುತ್ತಿದ್ದರು, ಆದರೆ ಗಾಜಿನ ಮಾತು ಅವಳ ಮುಂದೆ ಎತ್ತುತ್ತಿರಲಿಲ್ಲ.

ಮೊಮ್ಮಗು ಹುಟ್ಟಿತು. ನಾಮಕರಣದ ದಿನ ನೆಂಟರೆಲ್ಲ ಕೇಳಿದರು, ಯಾಕೆ ಗ್ಯಾಸ್‌ಲೈಟು ಹಚ್ಚಿಲ್ಲ ಅಂತ. ಬೀಗಿತ್ತಿಯ ಸೆರಗು ಮೂಗಿಗೆ ಹೋಯಿತು. ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡು ಕೂತಿದ್ದೆ. ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗಲೂ ನನ್ನ ಕಿವಿ ಅವರ ಮಾತಿನ ಮೇಲೇ ಇತ್ತು. ಆ ದಿನ ಮತ್ತೆ ಬೆಕ್ಕು.

ಆಮೇಲೊಂದು ಭಾನುವಾರ ಭಾಯ್ ನಮ್ಮನ್ನು ದೂರದಿಂದ ಕಂಡವನೇ ಎದ್ದು ನಿಂತ. ಅವನು ಎದ್ದು ನಿಂತದ್ದನ್ನು ನಾನು ನೋಡಿದ್ದೇ ಮೊದಲು. ಗೋಣಿಚೀಲದೊಳಗಿಂದ ಪೇಪರು ಸುತ್ತಿದ ಗಂಟು ತೆಗೆದ.

"ಅಮ್ಮಾ, ನಿಮಗೆ ಅಂತಾನೇ ಎತ್ತಿಟ್ಟಿದೀನಿ. ಯಾರಿಗೂ ತೋರ್ಸಿಲ್ಲ."

ಬೀಗಿತ್ತಿ ದೀಪ ಹಚ್ಚುವಾಗ ಹೇಗೆ ಸುಮ್ಮನಾಗುತ್ತಿದ್ದರೋ ಹಾಗೆ ಸುಮ್ಮನಾದರು. ಮುಚ್ಚಳ ಅಂಗಾತ ಇಟ್ಟು, ಶೇಡು ಕೂರಿಸಿ, ಅಲ್ಲಾಡಿಸಿದರು. ಟಿಕ್ ಟಿಕ್. ಹಾಲಿನ ಬಣ್ಣ. ಅಂಚಿನಲ್ಲಿ ಅದೇ ನೆರಿಗೆ. ಎತ್ತಿ ಬಿಸಿಲಿಗೆ ಹಿಡಿದರು. ಅವರ ಮುಖದ ಮೇಲೆ ಬೆಳಕು ಬಿತ್ತು. "ಹೂಂ," ಅಂದರು.

ಆಗ ನಾನು ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವರು ತೆಗೆದುಕೊಳ್ಳುತ್ತಿದ್ದರು, ದೀಪ ಜೋಡಿಯಾಗುತ್ತಿತ್ತು. ನಾನು ಮುಂದೆ ಹೋಗಿ, "ಇದನ್ನ ನಾನು ಕೊಡಿಸ್ತೀನಿ" ಅಂದೆ.

"ನೀವ್ಯಾಕೆ?"

"ಇರ್ಲಿ ಬಿಡಿ, ನಮ್ಮ ಕಡೆಯಿಂದ."

"ಒಡೆದದ್ದು ನಾನು. ನಿಮ್ಮ ಕಡೆಯಿಂದ ಯಾಕ್ರೀ?"

"ಸಾಕು ಮಾಡ್ರೀ!" ಅಂದೆ. ನನ್ನ ದನಿ ಎಷ್ಟು ದೊಡ್ಡದಾಯಿತೆಂದರೆ ಎದುರಂಗಡಿಯವರು ತಿರುಗಿ ನೋಡಿದರು. "ಬೆಕ್ಕೂ ಇಲ್ಲ, ಪಿತ್ತಾನೂ ಇಲ್ಲ. ಒಡೆದದ್ದು ನನ್ನ ಮಗಳು. ನನಗೆ ಅವತ್ತೇ ಗೊತ್ತು. ಇಷ್ಟು ದಿನ ನಿಮ್ಮ ಪಕ್ಕ ನಿಂತು ಕೇಳಿ ಕೇಳಿ ನನ್ನ ಮಾನ ಹರಾಜಾಗೋಗಿದೆ. ಇದನ್ನ ತಗೊಂಡು ಮುಗಿಸಿ."

ಭಾಯ್ ತಲೆ ಬಗ್ಗಿಸಿ ಯಾವುದೋ ನಲ್ಲಿ ಉಜ್ಜಲು ಶುರು ಮಾಡಿದ. ಬೀಗಿತ್ತಿ ಶೇಡನ್ನು ಹಲಗೆಯ ಮೇಲಿಟ್ಟರು. ಮೂಗು ಒರೆಸಿಕೊಳ್ಳಲಿಲ್ಲ.

"ನಿಮ್ಮ ಮಗಳು ಅದನ್ನ ಯಾರ ಮನೇಲಿ ಒಡೆದದ್ದು?"

"ನಿಮ್ಮನೇಲಿ."

"ನಮ್ಮನೇಲಿ ಏನೇ ಒಡೆದ್ರೂ ಅದು ನಾನು ಒಡೆದದ್ದು. ಅವಳ ಹೆಸರು ಇನ್ನೊಂದು ಸಲ ಬೀದೀಲಿ ಎತ್ತಬೇಡಿ."

ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡರು. "ಬೇಡ ಭಾಯ್. ಬೇರೆ ಯಾರಿಗಾದ್ರೂ ಕೊಡು" ಅಂದು ನಡೆದೇಬಿಟ್ಟರು. ಬಸ್ಸಿನಲ್ಲಿ ಬೇರೆ ಬೇರೆ ಸೀಟಿನಲ್ಲಿ ಕೂತೆವು. ಹಲಸೂರಿನಲ್ಲಿ ಇಳಿಯುವಾಗ "ಹುಷಾರಾಗಿ ಹೋಗಿ" ಅಂದರು. ಅಷ್ಟೇ.

ಮುಂದಿನ ವಾರ ನಾನೊಬ್ಬಳೇ ಭಾಯ್ ಹತ್ತಿರ ಹೋದೆ. ಇಂದಿರಾನಗರದ ಯಾವುದೋ ಕಾಫಿ ಹೋಟೆಲಿನವರು ಅಲಂಕಾರಕ್ಕೆ ಅಂತ ಶೇಡು ತೆಗೆದುಕೊಂಡು ಹೋಗಿದ್ದರು. ಅದರಲ್ಲಿ ಗಿಡ ನೆಡುತ್ತಾರಂತೆ.

ನಾನು ಕೊಡಲು ಹೋದದ್ದು ದೀಪ ಉರಿಯಲಿ ಅಂತಲ್ಲ, ನನ್ನ ಬೆನ್ನ ಮೇಲಿದ್ದದ್ದು ಇಳಿಯಲಿ ಅಂತ. ಬೀಗಿತ್ತಿಗೆ ಅದು ಗೊತ್ತಾಯಿತು. ಅವರು ಇಳಿಸಿಕೊಳ್ಳಲು ಬಿಡಲಿಲ್ಲ. ಅದಾದ ಮೇಲೂ ಫೋನು ಮಾಡುತ್ತಿದ್ದರು. ಮಗುವಿಗೆ ಹಲ್ಲು ಬಂತು, ನಿಮ್ಮ ಕಡೆ ಅವರೇಕಾಯಿ ಹೇಗಿದೆ, ಎಲ್ಲ ಕೇಳುತ್ತಿದ್ದರು. ಶಿವಾಜಿನಗರದ ಮಾತು ಎತ್ತುತ್ತಿರಲಿಲ್ಲ. ನಾನು ಹೋದರೆ ಮುಂಚಿನಂತೆಯೇ ಕಾಫಿ, ಮುಂಚಿನಂತೆಯೇ ಕುಹಕ. ತಪ್ಪಾಯಿತು ಅನ್ನಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು. ಯಾವುದಕ್ಕೆ ಅಂತ ಅನ್ನುವುದು? ಒಡೆದದ್ದಕ್ಕೆ ಅಂದರೆ ಮತ್ತೆ ಮಗಳ ಹೆಸರು ಎತ್ತಿದ ಹಾಗೆ. ಕಾಫಿ ಕುಡಿದು ಲೋಟ ತೊಳೆದಿಟ್ಟು ಬರುತ್ತಿದ್ದೆ.

ಒಂದು ಬೆಳಿಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಹಾಗೇ ಹೋದರು. ಕಾಯಿಲೆ ಬಿದ್ದು ನರಳಲಿಲ್ಲ, ಯಾರ ಕೈಯಲ್ಲೂ ನೀರು ಕುಡಿಸಿಕೊಳ್ಳಲಿಲ್ಲ. ನಾನು ಹೋಗುವ ಹೊತ್ತಿಗೆ ನಡುಮನೆಯಲ್ಲಿ ಮಲಗಿಸಿದ್ದರು. ದೂರದಿಂದಲೇ ಸೊಯ್ ಅನ್ನುವ ಶಬ್ದ ಕೇಳಿಸಿತು. ಅಳಿಯಂದಿರು ಅಮ್ಮನ ದೀಪ ಅಂತ ಗ್ಯಾಸ್‌ಲೈಟು ಹಚ್ಚಿ ತಲೆಯ ಹತ್ತಿರ ಇಟ್ಟಿದ್ದರು. ಶೇಡಿದ್ದ ದೀಪ. ಒಂದೇ ದೀಪ. ಇಷ್ಟು ವರ್ಷ ಜೋಡಿ ಇಲ್ಲ ಅಂತ ಹಚ್ಚದೆ ಇಟ್ಟಿದ್ದನ್ನು ಒಂಟಿಯಾಗಿ ಹಚ್ಚಬಹುದಾದ ದಿನ ಬಂದಿತ್ತು. ಬೋಳು ದೀಪವನ್ನು ಯಾರೋ ಕೋಣೆಯೊಳಗೆ ಒಯ್ದಿಟ್ಟಿದ್ದರು. ಬೆನ್ನು ಹಾಕಿ ಕೂರಲು ನನಗೆ ಆ ದಿನ ಜಾಗವಿರಲಿಲ್ಲ. ಎಲ್ಲರ ಹಾಗೆ ಬೆಳಕಿಗೆ ಮುಖ ಮಾಡಿಯೇ ಕೂತೆ.

ಹನ್ನೊಂದನೇ ದಿನದ ಕಾರ್ಯದಲ್ಲಿ ಊಟಕ್ಕೆ ಕೂತಾಗ ಬೀಗಿತ್ತಿಯ ದೊಡ್ಡ ಮಗಳು ಮಾತು ತೆಗೆದಳು. ಹೊರಮಾವಿನ ಅಪಾರ್ಟ್‌ಮೆಂಟಿನಲ್ಲಿರುವವಳು, ಒಳ್ಳೆಯವಳೇ.

"ಅಮ್ಮಂಗೆ ಕೈ ಹಿಡಿತ ಆಗ್ಲೇ ಹೋಗಿತ್ತು ಅನ್ಸುತ್ತೆ. ತಾತನ ದೀಪದ ಶೇಡು ಒಡೆದ್ರಲ್ಲ, ನಾವು ಆಗ್ಲೇ ಡಾಕ್ಟರ್‌ಗೆ ತೋರಿಸ್ಬೇಕಿತ್ತು."

ನನ್ನ ಮಗಳು ಪಾಯಸ ಬಡಿಸುತ್ತಿದ್ದಳು. "ಹೌದಕ್ಕ, ಪಾಪ," ಅಂದಳು. ಮುಂದಿನ ಎಲೆಗೆ ಹೋದಳು. ಮುಂದಿನ ಎಲೆ ನನ್ನದು. ಅವಳು ನನ್ನ ಮುಖ ನೋಡಲಿಲ್ಲ, ಎಲೆ ನೋಡಿ ಬಡಿಸಿದಳು. ನಾನು ಉಂಡೆ.

ಕೈ ತೊಳೆಯುವಾಗ ಅವಳನ್ನು ಹಿತ್ತಿಲ ಕಡೆ ಎಳೆದುಕೊಂಡು ಹೋದೆ. "ಹೌದು ಪಾಪ ಅಂತೀಯಲ್ಲೇ, ಹೆಂಗೆ ಬಾಯಿ ಬಂತೇ ನಿನಗೆ?"

"ಇನ್ನೇನ್ ಹೇಳ್ಲಿ? ಅತ್ತೆ ಇಷ್ಟು ವರ್ಷ ಸುಳ್ಳು ಹೇಳ್ತಿದ್ರು ಅಂತ ಅವರ ಫೋಟೋ ಮುಂದೆ ನಿಂತು ಹೇಳ್ಲಾ?"

ನಾನು ಒದ್ದೆ ಕೈ ಕೊಡವಿಕೊಂಡೆ.

"ನಾನು ಅವತ್ತೇ ಹೇಳ್ದೆ ಅಮ್ಮ," ಅಂದಳು. "ನೀನು ಫೋನಲ್ಲಿ ಹೇಳಿದ ತಕ್ಷಣ ಹೋಗಿ ಕಾಲಿಗೆ ಬಿದ್ದೆ. ಅತ್ತೆ ಕೇಳಿದ್ದು ಒಂದೇ, ನಿಮ್ಮಮ್ಮಂಗೆ ಗೊತ್ತಾ ಅಂತ. ಹೆದರ್ಕೊಂಡು ಇಲ್ಲ ಅಂದ್ಬಿಟ್ಟೆ. ಹಂಗಾದ್ರೆ ಹೇಳ್ಬೇಡ ಅಂದ್ರು. ಉಪ್ಪಿಟ್ಟಿನ ಸುಳ್ಳು ಹಿಡಿದಿದ್ದಕ್ಕೇ ಆಯಮ್ಮ ಅಡಿಗೆಮನೆಯಿಂದ ಈಚೆ ಬರ್ಲಿಲ್ಲ, ಇದು ಗೊತ್ತಾದ್ರೆ ನಮ್ಮನೆ ಮೆಟ್ಟಿಲೇ ಹತ್ತಲ್ಲ, ನಾನೇ ಒಡೆದೆ ಅಂತೀನಿ, ನೀನು ಸುಮ್ನಿರು ಅಂದ್ರು."

"ನನಗ್ಯಾಕೆ ಹೇಳ್ಲಿಲ್ಲ?"

"ನಿನಗೆ ಗೊತ್ತಿಲ್ಲ ಅಂತ ಅವರು, ನಿನಗೆ ಗೊತ್ತಿರೋದು ಅವರಿಗೆ ಗೊತ್ತಿಲ್ಲ ಅಂತ ನೀನು. ಇಬ್ರೂ ಜೊತೇಲಿ ಬಸ್ ಹತ್ಕೊಂಡು ಹೋಗ್ತಿದ್ರಿ. ಬರುವಾಗ ಬನ್ನು ತಿಂದ್ಕೊಂಡು ಬರ್ತಿದ್ರಿ. ನಾನು ಯಾರಿಗೆ ಏನಂತ ಹೇಳ್ಲಿ?"

ಅಡಿಗೆಮನೆಗೆ ಹೋಗಿ ಸಾರಿನ ಪುಡಿ ಡಬ್ಬದ ಮುಚ್ಚಳ ತಂದು ನನ್ನ ಕೈಗೆ ಕೊಟ್ಟಳು. ಡಬ್ಬಕ್ಕೆ ಈಗ ಒಂದು ತಟ್ಟೆ ಮುಚ್ಚಿಕೊಂಡಿದ್ದಾಳೆ. "ವರ್ಷದ ತಿಥಿಯೊಳಗೆ ಸಿಕ್ಕಿದ್ರೆ ನೋಡು. ಒಂಟಿಯಾಗಿ ಉರಿದ ದೀಪ, ಹಂಗೇ ಬಿಡ್ಬಾರ್ದು," ಅಂದಳು.

ಹೋದ ಭಾನುವಾರ ಶಿವಾಜಿನಗರಕ್ಕೆ ಹೋಗಿದ್ದೆ. ಭಾಯ್ ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಅಂತ ನೋಡಿದ.

"ಆ ಅಮ್ಮ ಬರ್ಲಿಲ್ವಾ?"

"ಹೋಗ್ಬಿಟ್ರು ಭಾಯ್."

ಅವನು ಬಾಯಲ್ಲೇ ಏನೋ ಹೇಳಿಕೊಂಡ. ಸ್ವಲ್ಪ ಹೊತ್ತು ಗುಡ್ಡೆಯ ಮೇಲಿನ ನಲ್ಲಿಗಳನ್ನು ಆಚೀಚೆ ಮಾಡಿದ. ಆಮೇಲೆ ತಗ್ಗಿದ ದನಿಯಲ್ಲಿ, "ಅಮ್ಮಾ, ತಪ್ಪು ತಿಳೀಬೇಡಿ. ಅವತ್ತು ನೀವು ಜೋರಾಗಿ ಹೇಳಿದ್ರಲ್ಲ, ನಿಮ್ಮ ಮಗಳು ಅಂತ. ನಾನು ಯಾರಿಗೂ ಹೇಳಿಲ್ಲ" ಅಂದ.

ನನ್ನ ಕೈಯಲ್ಲಿ ಸೆರಗಿನ ತುದಿ ಇತ್ತು. ಮೂಗು ಒರೆಸಿಕೊಂಡೆ.

"ಅವತ್ತು ನಾನು ಸಿಟ್ಟಲ್ಲಿ ಏನೋ ಅಂದೆ. ಬೆಕ್ಕೇ ಭಾಯ್. ಬೆಕ್ಕು ಹಾರ್ತು, ಪಾಪ ಅವರು ಹಿಡಿಯೋಕೆ ಹೋದ್ರು."

ಭಾಯ್ ನಗಲಿಲ್ಲ. "ಹೌದಮ್ಮಾ, ಬೆಕ್ಕು," ಅಂದು ಗೋಣಿಚೀಲದ ಬಾಯಿ ಬಿಚ್ಚಿದ. ನಾನು ಮುಚ್ಚಳ ತೆಗೆದು ಹಲಗೆಯ ಮೇಲೆ ಅಂಗಾತ ಇಟ್ಟೆ.